‘ಬಿಗ್’ ಎಂಬ ವಿಶೇಷಣವೂ ನಮ್ಮ ‘ದೊಡ್ಡ’ ಎಂಬ ಮಾತೂ

ಇಂಗ್ಲಿಷ್ ಕಲಿಯಲು ತೊಡಗಿದವನಿಗೆ ಮೊದಲ ವರ್ಷದಲ್ಲಿಯೇ ಪರಿಚಯವಾಗುವ ಗುಣವಾಚಕಗಳಲ್ಲಿ ‘ಬಿಗ್’ ಎಂಬುದೂ ಒಂದು. ಬರೆಯಲು ಮೂರೇ ಅಕ್ಷರ. ‘ಬಿಗ್ ಎಂದರೆ ದೊಡ್ಡ’ ಎಂದು ಎಲ್ಲರೂ ಬಾಯಿಪಾಠ ಮಾಡಿದವರೇ. ಹೀಗಿದ್ದರೂ ಪದವಿ ತರಗತಿಗೆ ಬಂದ ಮೇಲೂ ನಮ್ಮಲ್ಲಿ ಹಲವರ ಬರವಣಿಗೆ ಎಡವುವುದು ಇಂಥ ಸುಲಭ ಪದಗಳಲ್ಲಿಯೇ. ಕಾರಣ ಸ್ಪಷ್ಟ. ಕಠಿನವಾದ ಪದ ಎದುರಾದಾಗ ನಿಘಂಟನ್ನು ತೆರೆಯುತ್ತೇವೆ. ಸುಲಭವಾದ ಪದಕ್ಕೆ ಯಾರೂ ತೆರೆಯುವುದಿಲ್ಲ.

ನಾನು ಐಚ್ಛಿಕ ಇಂಗ್ಲಿಷನ್ನು ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳಿಂದ ಬಂದು, ಪಿ.ಯು.ಸಿ.ಯವರೆಗೂ ಕನ್ನಡ ಮಾಧ್ಯಮದಲ್ಲಿಯೇ ಓದಿದ ಗೆಳೆಯರು ತಮ್ಮ ಪ್ರಬಂಧಗಳನ್ನೂ ಅರ್ಜಿಗಳನ್ನೂ ತಿದ್ದಿಕೊಡೆಂದು ನನ್ನ ಬಳಿಗೆ ತರುವುದುಂಟು. ಹೀಗೆ ಓದುವಾಗ ಮತ್ತೆ ಮತ್ತೆ ಕಂಡ ಕೆಲವು ವಾಕ್ಯಗಳನ್ನು ಗುರುತು ಹಾಕಿಕೊಂಡಿದ್ದೇನೆ. ಈ ಲೇಖನಕ್ಕೆ ಅವೇ ಆಧಾರ. ಅಂಕಗಳು ಹೋಗುವುದು ಒಂದು ನಷ್ಟ. ಅದಕ್ಕಿಂತ ಹಿರಿದಾದ ನಷ್ಟ ಇನ್ನೊಂದಿದೆ. ಚನ್ನಗಿರಿ ಕಡೆಯ ಗೆಳೆಯನೊಬ್ಬನನ್ನು ಕೆಲಸದ ಸಂದರ್ಶನದಲ್ಲಿ ‘ನಿಮ್ಮ ಊರಿನ ವಿಷಯ ನಾಲ್ಕು ಮಾತು ಹೇಳಿ’ ಎಂದು ಇಂಗ್ಲಿಷಿನಲ್ಲಿ ಕೇಳಿದರಂತೆ. ಸೂಳೆಕೆರೆಯ ಏರಿಯ ಮೇಲೆ ಆಡಿ ಬೆಳೆದ ಹುಡುಗ ಅವನು. ‘ಬಿಗ್ ಎನ್ನಬೇಕೋ ಲಾರ್ಜ್ ಎನ್ನಬೇಕೋ ಗ್ರೇಟ್ ಎನ್ನಬೇಕೋ ಎಂಬ ಯೋಚನೆಯಲ್ಲಿ ಬಾಯಿಯೇ ಕಟ್ಟಿಹೋಯಿತು’ ಎಂದ. ತಿಳಿದ ವಿಷಯವನ್ನು ಹೇಳಲಾರದೆ ಸುಮ್ಮನಾಗುವುದು ಅಜ್ಞಾನವಲ್ಲ. ಆದರೆ ಎದುರಿಗೆ ಕುಳಿತವರಿಗೆ ಅದು ಅಜ್ಞಾನದಂತೆಯೇ ಕಾಣುತ್ತದೆ. ಆದುದರಿಂದ ಈ ಒಂದು ಪದವನ್ನಾದರೂ ಬೇರುಸಹಿತ ವಿಚಾರಿಸೋಣ.

ಕನ್ನಡದ ‘ದೊಡ್ಡ’ ಎಷ್ಟು ದೊಡ್ಡದು?

ಮೊದಲು ನಮ್ಮ ಮನೆಯ ಮಾತನ್ನೇ ನೋಡಬೇಕು. ಕನ್ನಡದ ‘ದೊಡ್ಡ’ ಎಂಬುದು ಬಹು ಉದಾರಿಯಾದ ಪದ. ದೊಡ್ಡ ಕೆರೆ, ದೊಡ್ಡ ಮರ, ದೊಡ್ಡ ಮಳೆ, ದೊಡ್ಡ ದನಿ, ದೊಡ್ಡ ಮನಸ್ಸು, ದೊಡ್ಡ ಮನುಷ್ಯ, ದೊಡ್ಡಪ್ಪ, ದೊಡ್ಡಾಸ್ಪತ್ರೆ, ದೊಡ್ಡ ಪರೀಕ್ಷೆ. ಗಾತ್ರ, ಎತ್ತರ, ಬಿರುಸು, ಔದಾರ್ಯ, ಕೀರ್ತಿ, ವಯಸ್ಸು, ಪ್ರಾಮುಖ್ಯ ಇವೆಲ್ಲವನ್ನೂ ಒಂದೇ ಪದ ಹೊತ್ತುಕೊಂಡು ನಡೆಯುತ್ತದೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಅಲ್ಲಿ ಈ ಹೊರೆಯನ್ನು ಹತ್ತಾರು ಪದಗಳು ಹಂಚಿಕೊಂಡಿವೆ. ‘ಬಿಗ್’ ಅವುಗಳಲ್ಲಿ ಒಂದು ಮಾತ್ರ. ‘ದೊಡ್ಡ’ ಎಂಬಲ್ಲೆಲ್ಲ ‘ಬಿಗ್’ ಹಾಕುವುದೆಂದರೆ ಹತ್ತು ಆಳಿನ ಕೆಲಸವನ್ನು ಒಬ್ಬನ ತಲೆಗೆ ಹೊರಿಸಿದಂತೆ.

ಇದನ್ನು ಕೇಳಿ ಇಂಗ್ಲಿಷ್ ತೊಡಕಿನ ಭಾಷೆಯೆಂದು ಯಾರೂ ಹೆದರಬೇಕಾದುದಿಲ್ಲ. ಇಂಥ ಹಂಚಿಕೆ ಕನ್ನಡದಲ್ಲಿಯೂ ಉಂಟು. ಹಳಗನ್ನಡದ ‘ಪಿರಿದು’ ಹೊಸಗನ್ನಡದಲ್ಲಿ ‘ಹಿರಿದು’ ಆಗಿದೆ. ಅದೇ ಬೇರಿನ ಮಾತು ಸಮಾಸದಲ್ಲಿ ಸೇರಿದಾಗ ಹೆಬ್ಬಾಗಿಲು, ಹೆದ್ದಾರಿ, ಹೆಮ್ಮರ, ಹೆಬ್ಬಾವು, ಹೆಬ್ಬಂಡೆ, ಹೆಬ್ಬೆರಳು ಎಂದಾಗುತ್ತದೆ. ಹೆಬ್ಬೆರಳನ್ನು ನಾವು ‘ದೊಡ್ಡ ಬೆರಳು’ ಎನ್ನುವುದಿಲ್ಲ; ಹೆಬ್ಬಾವನ್ನು ‘ದೊಡ್ಡ ಹಾವು’ ಎಂದರೆ ಅರ್ಥವೇ ಬೇರೆ. ಯಾವ ಪದಕ್ಕೆ ಯಾವುದು ಜೊತೆ ಎಂಬುದನ್ನು ನಮಗೆ ಯಾರೂ ಪಾಠ ಹೇಳಲಿಲ್ಲ, ಕೇಳಿ ಕೇಳಿ ಬಂದಿದೆ. ಇಂಗ್ಲಿಷಿನಲ್ಲಿಯೂ ಬೇಕಾದುದು ಈ ಕಿವಿಯ ಅಭ್ಯಾಸವೇ. ಹೆಬ್ಬೆರಳಿಗೆ ಅಲ್ಲಿ ‘ಥಂಬ್’, ಹೆದ್ದಾರಿಗೆ ‘ಹೈವೇ’, ಹೆಬ್ಬಾವಿಗೆ ‘ಪೈಥಾನ್’. ಈ ಮೂರರಲ್ಲಿ ಒಂದರಲ್ಲಿಯೂ ‘ಬಿಗ್’ ಇಲ್ಲವೆಂಬುದನ್ನು ಗಮನಿಸಿ.

ವ್ಯಾಕರಣದಲ್ಲಿ ಗುಣವನ್ನು ಹೇಳುವ ಪದಕ್ಕೆ ವಿಶೇಷಣವೆಂದೂ, ಅದು ಯಾವುದನ್ನು ಕುರಿತು ಹೇಳುತ್ತದೆಯೋ ಆ ಪದಕ್ಕೆ ವಿಶೇಷ್ಯವೆಂದೂ ಹೆಸರು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಒಂದೇ ಮಾತಿನಲ್ಲಿ ಅಡಗಿದೆ: ವಿಶೇಷಣವನ್ನು ಒಂಟಿಯಾಗಿ ಕಲಿಯಬಾರದು, ಅದರ ವಿಶೇಷ್ಯದೊಡನೆ ಜೋಡಿಯಾಗಿ ಕಲಿಯಬೇಕು.

‘ಬಿಗ್’, ‘ಲಾರ್ಜ್’, ‘ಗ್ರೇಟ್’

ಈ ಮೂರರ ಭೇದವನ್ನು ತಿಳಿದರೆ ಅರ್ಧ ದಾರಿ ಸಾಗಿದಂತೆ.

‘ಬಿಗ್’ ಎಂಬುದು ಮಾತುಕತೆಯ ಪದ. ಕಣ್ಣಿಗೆ ಕಾಣುವ ಗಾತ್ರಕ್ಕೆ ಸಲ್ಲುತ್ತದೆ: ‘ಎ ಬಿಗ್ ಹೌಸ್’, ‘ಎ ಬಿಗ್ ಸ್ಟೋನ್’, ‘ಎ ಬಿಗ್ ಟ್ಯಾಂಕ್’. ಎಣಿಸಬಹುದಾದ ಸಂಗತಿಗಳ ಪ್ರಾಮುಖ್ಯವನ್ನು ಹೇಳುವಾಗಲೂ ಸಲ್ಲುತ್ತದೆ: ‘ಎ ಬಿಗ್ ಮಿಸ್ಟೇಕ್’, ‘ಎ ಬಿಗ್ ಡಿಸಿಷನ್’, ‘ಎ ಬಿಗ್ ಡಿಫರೆನ್ಸ್’.

‘ಲಾರ್ಜ್’ ಎಂಬುದೂ ಗಾತ್ರಕ್ಕೇ ಸಲ್ಲುವುದಾದರೂ ಅದಕ್ಕೆ ಅಳತೆಯ ವಾಸನೆ ಹೆಚ್ಚು. ಬರವಣಿಗೆಯಲ್ಲಿ ಗಂಭೀರವಾಗಿ ತೋರುತ್ತದೆ. ಸಂಖ್ಯೆ, ಪ್ರಮಾಣ, ವಿಸ್ತಾರ ಇವುಗಳೊಡನೆ ಇದೇ ಬರಬೇಕು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಅಲ್ಲಿನ ಜಾತ್ರೆಯನ್ನು ವರ್ಣಿಸುತ್ತ ಒಬ್ಬರು ‘ಬಿಗ್ ನಂಬರ್ ಆಫ್ ಪೀಪಲ್’ ಎಂದು ಬರೆದಿದ್ದರು. ಸರಿಯಾದ ಪ್ರಯೋಗ: ‘ಎ ಲಾರ್ಜ್ ನಂಬರ್ ಆಫ್ ಪೀಪಲ್ ಗ್ಯಾದರ್ ದೇರ್’. ಹಾಗೆಯೇ ‘ಎ ಲಾರ್ಜ್ ಅಮೌಂಟ್’, ‘ಎ ಲಾರ್ಜ್ ಏರಿಯಾ’, ‘ಆನ್ ಎ ಲಾರ್ಜ್ ಸ್ಕೇಲ್’. ಆದರೆ ‘ಲಾರ್ಜ್ ಮಿಸ್ಟೇಕ್’ ಎನ್ನುವ ವಾಡಿಕೆಯಿಲ್ಲ. ತಪ್ಪನ್ನು ಗಜಕಡ್ಡಿಯಿಂದ ಅಳೆಯಲಾಗದಲ್ಲವೆ?

‘ಗ್ರೇಟ್’ ಎಂಬುದು ಹಿರಿಮೆಗೂ, ಎಣಿಸಲಾಗದ ಭಾವಗಳಿಗೂ ಮೀಸಲು. ‘ಗ್ರೇಟ್ ಜಾಯ್’, ‘ಗ್ರೇಟ್ ಕೇರ್’, ‘ಗ್ರೇಟ್ ಪೇಷನ್ಸ್’, ‘ಗ್ರೇಟ್ ರೆಸ್ಪೆಕ್ಟ್’. ಅರ್ಜಿಗಳಲ್ಲಿ ಕಾಣುವ ‘ವಿತ್ ಬಿಗ್ ರೆಸ್ಪೆಕ್ಟ್’ ಎಂಬುದು ಸಲ್ಲದು. ನೆನಪಿಡಲು ಒಂದು ಉಪಾಯ ಹೇಳುತ್ತೇನೆ. ‘ಒಂದು, ಎರಡು’ ಎಂದು ಎಣಿಸಲು ಬಂದರೆ ‘ಬಿಗ್’ ಎನ್ನಲು ಧೈರ್ಯ ಮಾಡಬಹುದು. ಎಣಿಸಲು ಬಾರದ ಭಾವವಾದರೆ ‘ಗ್ರೇಟ್’ ಕಡೆಗೆ ತಿರುಗಿ. ಎಲ್ಲ ಕಡೆಗೂ ಸಲ್ಲುವ ಸೂತ್ರ ಇದಲ್ಲವಾದರೂ ಬಹಳ ಕಡೆ ಕೈಹಿಡಿಯುತ್ತದೆ.

ಮನುಷ್ಯರ ವಿಷಯದಲ್ಲಿ ಈ ಭೇದಕ್ಕೆ ಮಹತ್ವ ಹೆಚ್ಚು. ‘ಹೀ ಈಸ್ ಎ ಲಾರ್ಜ್ ಮ್ಯಾನ್’ ಎಂದರೆ ಸ್ಥೂಲದೇಹಿ ಎಂದರ್ಥ. ‘ಹೀ ಈಸ್ ಎ ಬಿಗ್ ಮ್ಯಾನ್’ ಎಂದರೆ ಧಡೂತಿ ಆಸಾಮಿ ಎಂದೋ, ಕೆಲವೊಮ್ಮೆ ಆಡುಮಾತಿನಲ್ಲಿ ಪ್ರಭಾವಶಾಲಿ ಎಂದೋ ಆಗುತ್ತದೆ. ‘ಹೀ ಈಸ್ ಎ ಗ್ರೇಟ್ ಮ್ಯಾನ್’ ಎಂದರೆ ಮಾತ್ರ ಮಹಾಪುರುಷ. ಗಾಂಧೀಜಿಯವರ ಮೇಲೆ ಪ್ರಬಂಧ ಬರೆಯುತ್ತ ‘ಬಿಗ್ ಮ್ಯಾನ್’ ಎಂದರೆ ಆ ಬಡಕಲು ದೇಹದ ಮಹಾತ್ಮನಿಗೆ ಎಂಥ ಅಪಚಾರ!

ಚರಿತ್ರೆಯ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಮಾತು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನೂ ದಕ್ಷಿಣ ಭಾರತದ ಬಹುಭಾಗವನ್ನೂ ಹಿಂಡಿದ ಬರವನ್ನು ನಮ್ಮ ಹಿರಿಯರು ಧಾತು ಸಂವತ್ಸರದ ಬರವೆಂದು ನೆನೆಯುತ್ತಿದ್ದರು. ಇಂಗ್ಲಿಷ್ ಪುಸ್ತಕಗಳಲ್ಲಿ ಅದು ‘ದಿ ಗ್ರೇಟ್ ಫ್ಯಾಮಿನ್’. ಇಲ್ಲಿ ‘ಗ್ರೇಟ್’ ಎಂದರೆ ಒಳ್ಳೆಯದೆಂದಲ್ಲ, ಭೀಕರವಾದದ್ದು, ಬಹು ವ್ಯಾಪಕವಾದದ್ದು ಎಂದರ್ಥ. ಹಾಗೆಯೇ ‘ಗ್ರೇಟ್ ಬ್ರಿಟನ್’ ಎಂಬ ಹೆಸರಿನಲ್ಲಿಯೂ ಹಿರಿಮೆಯ ಹೊಗಳಿಕೆಯಿಲ್ಲ. ಸಮುದ್ರದಾಚೆ ಫ್ರಾನ್ಸಿನಲ್ಲಿರುವ ಬ್ರಿಟನಿ ಪ್ರಾಂತದಿಂದ ಬೇರ್ಪಡಿಸಿ ಹೇಳಲು, ‘ಎರಡರಲ್ಲಿ ದೊಡ್ಡದು’ ಎಂಬ ಅರ್ಥದಲ್ಲಿ ಬಂದ ಹೆಸರದು. ನಮ್ಮ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳಂತೆಯೇ ಎನ್ನಿ.

‘ಬಿಗ್’ ಪ್ರವೇಶಿಸಬಾರದ ಕಡೆಗಳು

ಇನ್ನು ಕನ್ನಡದಲ್ಲಿ ‘ದೊಡ್ಡ’ ಸಲೀಸಾಗಿ ನಡೆದು, ಇಂಗ್ಲಿಷಿನಲ್ಲಿ ಈ ಮೂರೂ ನಡೆಯದ ಕಡೆಗಳನ್ನು ನೋಡೋಣ.

ದೊಡ್ಡ ಮಳೆ ಎಂಬುದಕ್ಕೆ ‘ಹೆವಿ ರೇನ್’, ದೊಡ್ಡ ಗಾಳಿಗೆ ‘ಸ್ಟ್ರಾಂಗ್ ವಿಂಡ್’, ದೊಡ್ಡ ದನಿಗೆ ‘ಲೌಡ್ ವಾಯ್ಸ್’ ಎನ್ನಬೇಕು. ಚನ್ನಗಿರಿಯ ತೋಟಗಳ ಅಡಿಕೆ ಮರ ದೊಡ್ಡದೆಂದರೆ ಅದರ ಎತ್ತರವೇ ನಮ್ಮ ಮನಸ್ಸಿನಲ್ಲಿರುವುದು; ಆದುದರಿಂದ ‘ಟಾಲ್’. ಬೆಟ್ಟದ ಎತ್ತರಕ್ಕಾದರೋ ‘ಹೈ’. ಹೊನ್ನಾಳಿಯ ಬಳಿ ತುಂಗಭದ್ರೆಯ ಪಾತ್ರ ದೊಡ್ಡದು ಎನ್ನುವಾಗ ಅಗಲವೇ ಉದ್ದೇಶವಾದರೆ ‘ವೈಡ್’. ಜಗಳೂರು ಸೀಮೆಯವರು ‘ಆ ವರ್ಷ ದೊಡ್ಡ ಬರ’ ಎನ್ನುವಾಗ ‘ಸಿವಿಯರ್ ಡ್ರೌಟ್’. ಇಲ್ಲೆಲ್ಲ ‘ದೊಡ್ಡ’ ಎಂದಾಕ್ಷಣ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಯಾವುದರಲ್ಲಿ ದೊಡ್ಡದು? ಎತ್ತರದಲ್ಲಿಯೋ, ಅಗಲದಲ್ಲಿಯೋ, ಬಿರುಸಿನಲ್ಲಿಯೋ, ಕ್ರೌರ್ಯದಲ್ಲಿಯೋ? ಈ ಪ್ರಶ್ನೆಗೆ ಉತ್ತರ ದೊರೆತರೆ ಇಂಗ್ಲಿಷ್ ಪದ ತಾನಾಗಿ ಹೊಳೆಯುತ್ತದೆ.

ಸಂಬಂಧವಾಚಕಗಳಲ್ಲಿ ‘ಬಿಗ್ ಫಾದರ್’ ‘ಬಿಗ್ ಮದರ್’ ಎಂದು ಬರೆದರೆ ಇಂಗ್ಲಿಷ್ ಬಲ್ಲವರಿಗೆ ಏನೂ ತಿಳಿಯದು. ದೊಡ್ಡಪ್ಪ ಎಂಬುದನ್ನು ಬಿಡಿಸಿ ‘ಫಾದರ್ಸ್ ಎಲ್ಡರ್ ಬ್ರದರ್’ ಎನ್ನಬೇಕು. ಬಿಡಿಸುವ ಅಗತ್ಯವಿಲ್ಲದಿದ್ದರೆ ‘ಅಂಕಲ್’ ಸಾಕು. ಅಣ್ಣನಿಗೆ ‘ಎಲ್ಡರ್ ಬ್ರದರ್’. ಆದರೆ ಹೋಲಿಕೆ ಮಾಡುವಾಗ ‘ಎಲ್ಡರ್ ದ್ಯಾನ್ ಮಿ’ ಎನ್ನಬಾರದು, ‘ಓಲ್ಡರ್ ದ್ಯಾನ್ ಮಿ’ ಎನ್ನಬೇಕು.

ದೊಡ್ಡಾಸ್ಪತ್ರೆ ಎಂದರೆ ನಮಗೆಲ್ಲ ಸರ್ಕಾರದ ಮುಖ್ಯ ಆಸ್ಪತ್ರೆ. ಅದನ್ನು ‘ಬಿಗ್ ಹಾಸ್ಪಿಟಲ್’ ಎಂದರೆ ಕಟ್ಟಡ ದೊಡ್ಡದೆಂದಷ್ಟೇ ಆದೀತು. ‘ಡಿಸ್ಟ್ರಿಕ್ಟ್ ಹಾಸ್ಪಿಟಲ್’ ಎನ್ನಬೇಕು. ‘ದೊಡ್ಡವನಾದ ಮೇಲೆ’ ಎಂಬುದು ‘ವೆನ್ ಐ ಗ್ರೋ ಅಪ್’. ‘ದೊಡ್ಡ ಮನಸ್ಸು ಮಾಡಿ’ ಎಂಬ ನಮ್ಮ ಸವಿಯಾದ ಮಾತಿಗೆ ‘ಬಿಗ್ ಮೈಂಡ್’ ಎಂಬುದು ಉತ್ತರವಲ್ಲ; ‘ಕೈಂಡ್ಲಿ’ ಎಂದರೆ ಮುಗಿಯಿತು. ‘ಅವಳ ಬಾಯಿ ದೊಡ್ಡದು’ ಎಂದರೆ ನಮ್ಮಲ್ಲಿ ಜಗಳಗಂಟಿ. ‘ಶಿ ಹ್ಯಾಸ್ ಎ ಬಿಗ್ ಮೌತ್’ ಎಂದರೆ ಅಲ್ಲಿ ಗುಟ್ಟು ನಿಲ್ಲದವಳು. ದೊಡ್ಡತನ ಎಂಬುದು ‘ಬಿಗ್‌ನೆಸ್’ ಅಲ್ಲ, ‘ಗ್ರೇಟ್‌ನೆಸ್’.

ವಾಕ್ಯದಲ್ಲಿ ‘ಬಿಗ್’ ಕುಳಿತುಕೊಳ್ಳುವ ಬಗೆ

ಪದ ಸರಿಯಾಗಿದ್ದರೂ ವಾಕ್ಯ ಕೆಡುವುದುಂಟು. ಇದಕ್ಕೂ ನಮ್ಮ ಮಾತಿನ ಬಳಕೆಯೇ ಕಾರಣ. ನಾಲ್ಕು ಅಂಶಗಳನ್ನು ಹೇಳುತ್ತೇನೆ.

ಮೊದಲನೆಯದು. ಕನ್ನಡದಲ್ಲಿ ‘ನಮ್ಮ ಊರು ದೊಡ್ಡದು’ ಎಂದರೆ ವಾಕ್ಯ ಪೂರ್ಣವಾಯಿತು, ಕ್ರಿಯಾಪದ ಬೇಕಿಲ್ಲ. ಇದೇ ರೂಢಿಯಿಂದ ‘ಅವರ್ ವಿಲೇಜ್ ಬಿಗ್’ ಎಂದು ಬರೆಯುವವರಿದ್ದಾರೆ. ಇಂಗ್ಲಿಷ್ ವಾಕ್ಯಕ್ಕೆ ಕ್ರಿಯಾಪದವಿಲ್ಲದೆ ಜೀವವಿಲ್ಲ. ‘ಅವರ್ ವಿಲೇಜ್ ಈಸ್ ಬಿಗ್’ ಎನ್ನಬೇಕು.

ಎರಡನೆಯದು. ಕನ್ನಡದ ‘ದೊಡ್ಡ’ ಎಂಬುದಕ್ಕೆ ಪ್ರತ್ಯಯ ಹತ್ತಿ ದೊಡ್ಡದು, ದೊಡ್ಡವನು, ದೊಡ್ಡವು ಎಂದಾಗುತ್ತದೆ. ‘ಬಿಗ್’ ಹಾಗೆ ರೂಪ ಬದಲಿಸುವುದಿಲ್ಲ. ಬಹುವಚನದಲ್ಲಿಯೂ ‘ಬಿಗ್ ಟ್ಯಾಂಕ್ಸ್’ ಎಂದೇ ಇರುತ್ತದೆ. ‘ನನಗೆ ದೊಡ್ಡದನ್ನು ಕೊಡಿ’ ಎನ್ನುವಾಗ ‘ಗಿವ್ ಮಿ ದಿ ಬಿಗ್’ ಎಂದರೆ ಮಾತು ಕತ್ತರಿಸಿದಂತಾಗುತ್ತದೆ. ‘ಗಿವ್ ಮಿ ದಿ ಬಿಗ್ ಒನ್’ ಎನ್ನಬೇಕು. ನಮ್ಮ ‘ದೊಡ್ಡದು’ ಎಂಬುದರಲ್ಲಿ ‘ಅದು’ ಅಡಗಿರುವಂತೆ ಅಲ್ಲಿ ‘ಒನ್’ ಎಂಬುದು ಹೊರಗೆ ನಿಂತಿದೆ.

ಮೂರನೆಯದು. ‘ದೊಡ್ಡ ದೊಡ್ಡ ಮನೆಗಳು’ ಎಂಬ ದ್ವಿರುಕ್ತಿ ಕನ್ನಡದ ಸೊಬಗು. ‘ಬಿಗ್ ಬಿಗ್ ಹೌಸಸ್’ ಎಂಬುದು ಶಿಷ್ಟ ಇಂಗ್ಲಿಷಿಗೆ ಒಗ್ಗದು. ‘ಬಿಗ್ ಹೌಸಸ್’ ಎಂದರೆ ಸಾಕು, ಬಹುತ್ವವನ್ನು ಬಹುವಚನವೇ ಹೇಳುತ್ತದೆ.

ನಾಲ್ಕನೆಯದು ಸಂತೋಷದ ಸಂಗತಿ. ಹಲವು ವಿಶೇಷಣಗಳು ಸಾಲಾಗಿ ಬಂದಾಗ ಇಂಗ್ಲಿಷಿನಲ್ಲಿ ಮೊದಲು ಸಂಖ್ಯೆ, ಆಮೇಲೆ ಗಾತ್ರ, ಆಮೇಲೆ ಬಣ್ಣ. ‘ಟೂ ಬಿಗ್ ವೈಟ್ ಬುಲಕ್ಸ್’. ನಾವೂ ‘ಎರಡು ದೊಡ್ಡ ಬಿಳಿ ಎತ್ತುಗಳು’ ಎಂದೇ ಹೇಳುತ್ತೇವೆ. ಇಲ್ಲಿ ಕನ್ನಡವನ್ನು ನಂಬಿ ನಡೆದರೆ ಮೋಸವಿಲ್ಲ.

ತರ-ತಮ ಭಾವ ಮತ್ತು ಸೂಳೆಕೆರೆ

ಹೋಲಿಕೆಯಲ್ಲಿ ‘ಬಿಗ್’ ಎಂಬುದು ‘ಬಿಗ್ಗರ್’, ‘ಬಿಗ್ಗೆಸ್ಟ್’ ಎಂದಾಗುತ್ತದೆ. ಆಗ ಜಿ ಎಂಬ ಅಕ್ಷರ ಇಮ್ಮಡಿಯಾಗುವುದನ್ನು ಮರೆಯಬಾರದು. ಹ್ರಸ್ವಸ್ವರದ ಮುಂದೆ ಒಂದೇ ವ್ಯಂಜನವಿರುವ ಇಂಥ ಚಿಕ್ಕ ಪದಗಳಿಗೆಲ್ಲ ಸಾಮಾನ್ಯವಾಗಿ ಇದೇ ನಿಯಮ. ಕನ್ನಡದಲ್ಲಿ ಹೋಲಿಕೆಗೆ ಗುಣವಾಚಕ ರೂಪ ಬದಲಿಸುವುದಿಲ್ಲ; ‘ಅದಕ್ಕಿಂತ ದೊಡ್ಡದು’, ‘ಎಲ್ಲಕ್ಕಿಂತ ದೊಡ್ಡದು’ ಎನ್ನುತ್ತೇವೆ. ‘ಇನ್ನೂ ದೊಡ್ಡದು’ ಎಂಬುದನ್ನು ಪದಕ್ಕೆ ಪದ ಇಟ್ಟು ‘ಮೋರ್ ಬಿಗ್ಗರ್’ ಎಂದು ಬರೆಯುವವರುಂಟು. ಅದು ಕೊಡೆಯ ಮೇಲೆ ಕೊಡೆ ಹಿಡಿದಂತೆ. ‘ಬಿಗ್ಗರ್’ ಸಾಕು, ಒತ್ತು ಬೇಕಾದರೆ ‘ಮಚ್ ಬಿಗ್ಗರ್’. ‘ವೆರಿ ಬಿಗ್’ ಸರಿ, ‘ವೆರಿ ಬಿಗ್ಗರ್’ ತಪ್ಪು.

ನಮ್ಮ ನೆಲದ ಉದಾಹರಣೆ ನೋಡಿ. ನ್ಯಾಮತಿ ಮೊದಲು ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಆಮೇಲೆ ಬೇರೆ ತಾಲ್ಲೂಕಾಯಿತು. ಇದನ್ನು ಹೀಗೆ ಹೇಳಬಹುದು: ‘ಹೊನ್ನಾಳಿ ವಾಸ್ ಎ ಲಾರ್ಜರ್ ತಾಲ್ಲೂಕ್ ದ್ಯಾನ್ ಇಟ್ ಈಸ್ ನೌ’.

ಈಗ ಸೂಳೆಕೆರೆಗೆ ಬರೋಣ. ಶಾಂತಿಸಾಗರವೆಂದೂ ಕರೆಯುವ ಈ ಕೆರೆ ಚನ್ನಗಿರಿ ತಾಲ್ಲೂಕಿನಲ್ಲಿದೆ. ಶಾಂತವ್ವ ಎಂಬುವಳು ಕಟ್ಟಿಸಿದಳೆಂದು ಐತಿಹ್ಯ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ನೀರು ಹರಡುವ ಕ್ಷೇತ್ರ ಸುಮಾರು 6,550 ಎಕರೆ, ಎಂದರೆ 26 ಚದರ ಕಿಲೋಮೀಟರಿಗೂ ಮಿಕ್ಕು. ಇದನ್ನು ಕುರಿತು ಪ್ರಬಂಧಗಳಲ್ಲಿ ತಪ್ಪದೆ ಬರುವ ವಾಕ್ಯವೆಂದರೆ ‘ಸೂಳೆಕೆರೆ ಈಸ್ ಸೆಕೆಂಡ್ ಬಿಗ್ಗೆಸ್ಟ್ ಟ್ಯಾಂಕ್ ಇನ್ ಏಷ್ಯಾ’.

ಇದರಲ್ಲಿ ವ್ಯಾಕರಣದ ದೋಷ ಒಂದು: ‘ಬಿಗ್ಗೆಸ್ಟ್’ ಎಂಬ ತಮಭಾವದ ಹಿಂದೆ ‘ದಿ’ ಬೇಕು. ಅದನ್ನು ಸೇರಿಸಿದರೆ ವಾಕ್ಯ ಶುದ್ಧವಾಯಿತು. ಆದರೆ ವಾಕ್ಯ ಶುದ್ಧವಾದ ಮಾತ್ರಕ್ಕೆ ಸತ್ಯವಾಯಿತೆ? ತಮಭಾವದ ವಿಶೇಷಣವೆಂದರೆ ಒಂದು ಪಂಥಾಹ್ವಾನ. ಅದನ್ನು ಬಳಸುವವನು ಮೂರು ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿಟ್ಟುಕೊಂಡಿರಬೇಕು. ಯಾವ ಗುಂಪಿನಲ್ಲಿ? ಯಾವ ಅಳತೆಯಲ್ಲಿ? ಯಾವ ಪ್ರದೇಶದಲ್ಲಿ? ಜಲಾಶಯಗಳೆಲ್ಲವನ್ನೂ ಗುಂಪಿಗೆ ಸೇರಿಸಿದರೆ ಏಷ್ಯಾ ಖಂಡದ ಮಾತು ಹಾಗಿರಲಿ, ಹೊನ್ನಾಳಿಯನ್ನು ದಾಟಿ ಹರಿಯುವ ಅದೇ ತುಂಗಭದ್ರೆಗೆ ಹೊಸಪೇಟೆಯ ಬಳಿ ಕಟ್ಟಿದ ಅಣೆಕಟ್ಟಿನ ಜಲಾಶಯವೇ 350 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರವುಳ್ಳದ್ದು. ಹಳೆಯ ಕಾಲದಲ್ಲಿ ಬೇಸಾಯಕ್ಕೆಂದು ಮಣ್ಣಿನ ಏರಿ ಹಾಕಿ ಕಟ್ಟಿದ ಕೆರೆಗಳು ಎಂದು ಗುಂಪನ್ನು ಗೊತ್ತುಮಾಡಿದರೆ ಮಾತ್ರ ಸೂಳೆಕೆರೆಯ ಹಿರಿಮೆ ಬೆಳಗುತ್ತದೆ. ಆದುದರಿಂದ ಹೀಗೆ ಬರೆಯುವುದು ಲೇಸು: ‘ಸೂಳೆಕೆರೆ ಈಸ್ ಒನ್ ಆಫ್ ದಿ ಲಾರ್ಜೆಸ್ಟ್ ಓಲ್ಡ್ ಇರಿಗೇಷನ್ ಟ್ಯಾಂಕ್ಸ್ ಇನ್ ಸೌತ್ ಇಂಡಿಯಾ’. ವಿಸ್ತಾರದ ಮಾತಾದುದರಿಂದ ‘ಲಾರ್ಜೆಸ್ಟ್’. ‘ಒನ್ ಆಫ್ ದಿ’ ಬಂದ ಮೇಲೆ ‘ಟ್ಯಾಂಕ್ಸ್’ ಎಂಬ ಬಹುವಚನ ಕಡ್ಡಾಯ. ‘ಒನ್ ಆಫ್ ದಿ ಲಾರ್ಜೆಸ್ಟ್ ಟ್ಯಾಂಕ್’ ಎಂಬುದು ನಮ್ಮಲ್ಲಿ ಬಹು ಪ್ರಚಾರದಲ್ಲಿರುವ ತಪ್ಪು. ಕ್ರಿಯಾಪದ ಮಾತ್ರ ‘ಒನ್’ ಎಂಬುದನ್ನು ಅನುಸರಿಸಿ ಏಕವಚನದಲ್ಲಿಯೇ ಇರುತ್ತದೆ.

ಅಳತೆಯಿಲ್ಲದ ವಿಶೇಷಣ ಬಡಾಯಿಯಾಗುತ್ತದೆ. ಅಳತೆಯುಳ್ಳ ವಿಶೇಷಣ ಮಾಹಿತಿಯಾಗುತ್ತದೆ. ಸಂದರ್ಶನದಲ್ಲಿ ‘ಏಷ್ಯಾಕ್ಕೇ ಎರಡನೆಯದು’ ಎಂದವನನ್ನು ‘ಹಾಗಾದರೆ ಮೊದಲನೆಯದು ಯಾವುದು?’ ಎಂದು ಕೇಳಿದರೆ ಅವನು ತೊದಲಬೇಕಾಗುತ್ತದೆ. ‘ಆರೂವರೆ ಸಾವಿರ ಎಕರೆ’ ಎಂದವನಿಗೆ ಆ ಭಯವಿಲ್ಲ.

ಅಭ್ಯಾಸ

ಕೆಳಗಿನ ಐದು ವಾಕ್ಯಗಳನ್ನು ಮೊದಲು ತಾವೇ ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಉತ್ತರ ನೋಡಬೇಕಾಗಿ ಕೋರಿಕೆ.

1. ನಮ್ಮ ದೊಡ್ಡಪ್ಪ ನ್ಯಾಮತಿಯಲ್ಲಿದ್ದಾರೆ.
2. ನಿನ್ನೆ ಹೊನ್ನಾಳಿಯಲ್ಲಿ ದೊಡ್ಡ ಮಳೆ ಬಂತು.
3. ಈ ಎರಡು ಹೊಲಗಳಲ್ಲಿ ಇದು ದೊಡ್ಡದು.
4. ಜಗಳೂರಿನ ರೈತರು ಬಹಳ ಕಷ್ಟಪಟ್ಟು ಬೆಳೆ ತೆಗೆಯುತ್ತಾರೆ.
5. ಚನ್ನಗಿರಿಯಲ್ಲಿ ದೊಡ್ಡ ದೊಡ್ಡ ಅಡಿಕೆ ತೋಟಗಳಿವೆ.

ಉತ್ತರಗಳು: 1. ‘ಮೈ ಫಾದರ್ಸ್ ಎಲ್ಡರ್ ಬ್ರದರ್ ಲಿವ್ಸ್ ಇನ್ ನ್ಯಾಮತಿ’. 2. ‘ದೇರ್ ವಾಸ್ ಹೆವಿ ರೇನ್ ಅಟ್ ಹೊನ್ನಾಳಿ ಯೆಸ್ಟರ್‌ಡೇ’. 3. ‘ದಿಸ್ ಈಸ್ ದಿ ಬಿಗ್ಗರ್ ಆಫ್ ದಿ ಟೂ ಫೀಲ್ಡ್ಸ್’. ಎರಡರ ನಡುವೆ ‘ಬಿಗ್ಗೆಸ್ಟ್’ ಸಲ್ಲದು. 4. ‘ದಿ ಫಾರ್ಮರ್ಸ್ ಆಫ್ ಜಗಳೂರು ರೈಸ್ ದೇರ್ ಕ್ರಾಪ್ಸ್ ವಿತ್ ಗ್ರೇಟ್ ಡಿಫಿಕಲ್ಟಿ’. 5. ‘ದೇರ್ ಆರ್ ಲಾರ್ಜ್ ಅರೆಕಾ ಗಾರ್ಡನ್ಸ್ ಇನ್ ಚನ್ನಗಿರಿ’.

ಇಷ್ಟನ್ನೂ ಒಂದೇ ದಿನದಲ್ಲಿ ನೆನಪಿಡಬೇಕೆಂದು ನಾನು ಹೇಳುವುದಿಲ್ಲ. ಒಂದು ಚಿಕ್ಕ ಟಿಪ್ಪಣಿ ಪುಸ್ತಕವನ್ನಿಟ್ಟುಕೊಂಡು, ಓದಿದ ಪಾಠದಲ್ಲಿ ಬಂದ ವಿಶೇಷಣವನ್ನು ಅದರ ವಿಶೇಷ್ಯದೊಡನೆ ದಿನಕ್ಕೆರಡರಂತೆ ಬರೆದುಕೊಂಡರೆ ವರ್ಷಕ್ಕೆ ಏಳುನೂರು ಜೋಡಿಗಳಾಗುತ್ತವೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟನ್ನು ತೆರೆದಾಗ ಮೊದಲ ಅರ್ಥಕ್ಕೇ ನಿಲ್ಲದೆ ಕೆಳಗಿನ ಅರ್ಥಗಳನ್ನೂ ನೋಡುವ ಅಭ್ಯಾಸವಾಗಲಿ. ನಮ್ಮ ಅಧ್ಯಾಪಕರಲ್ಲಿ ನನ್ನ ವಿನಂತಿಯೂ ಒಂದುಂಟು: ಹೊಸ ಪದವನ್ನು ಹೇಳಿಕೊಡುವಾಗ ಅದರ ಅರ್ಥದ ಜೊತೆಗೆ ಅದು ಸೇರುವ ಎರಡು ಪದಗಳನ್ನೂ, ಸೇರದ ಒಂದು ಪದವನ್ನೂ ಹೇಳಿದರೆ ನಮಗೆ ಮಹೋಪಕಾರವಾದೀತು.

ಇಂಗ್ಲಿಷನ್ನು ನಾವು ಕಲಿಯುವುದು ಆ ಭಾಷೆಯವರಂತೆ ನಟಿಸುವುದಕ್ಕಲ್ಲ. ನಮ್ಮ ಕೆರೆ, ನಮ್ಮ ಹೊಳೆ, ನಮ್ಮ ಬರ, ನಮ್ಮ ಜನರ ವಿಷಯವನ್ನು ಹೊರಗಿನವರಿಗೆ ತಿಳಿಯುವಂತೆ, ಹೆಚ್ಚಿಸದೆ ತಗ್ಗಿಸದೆ ಹೇಳುವುದಕ್ಕೆ. ಅಳತೆ ತಿಳಿದು ಆಡಿದ ಮಾತು ಚಿಕ್ಕದಾಗಿದ್ದರೂ ಕೇಳುವವರ ಮನಸ್ಸಿನಲ್ಲಿ ನಿಲ್ಲುತ್ತದೆ.